ಭಾವನವರ ಎಡ ಮಗ್ಗುಲು

ನಿಮ್ಮ ದೊಡ್ಡ ತಾತ ತಮ್ಮ ಕರುಳಿಗೆ ಕ್ಯಾಮೆರಾ ಬಿಟ್ಟ ಕತೆಯನ್ನು ಜಗುಲಿಯ ಮೇಲೆ ಕೂತು ಹೇಳುವಾಗ ಅದರಲ್ಲಿ ಡಾಕ್ಟರು ಬರುತ್ತಾರೆ, ಸಿಸ್ಟರ್ ಬರುತ್ತಾಳೆ, ಟಿವಿ ಬರುತ್ತದೆ, ಜೂಜುವಾಡಿಯ ಲಾರಿಗಳೂ ಬರುತ್ತವೆ. ನಾನು ಬರುವುದಿಲ್ಲ. ಹೋದ ಭಾನುವಾರ ನೀವಿಬ್ಬರೂ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಿರಿ. ನಾನು ಒಳಗೆ ಅವರೆಕಾಯಿ ಸುಲಿಯುತ್ತಾ ಕೇಳಿಸಿಕೊಂಡೆ. ಎದ್ದು ಬಂದು ‘ಅಲ್ಲಿ ನಾನೂ ಇದ್ದೆ’ ಅನ್ನುವ ಧೈರ್ಯ ನನಗೆ ಬರಲಿಲ್ಲ. ಬಾಯಲ್ಲಿ ಆಗದ್ದು ಬರವಣಿಗೆಯಲ್ಲಿ ಆಗುತ್ತದೇನೋ ನೋಡೋಣ ಅಂತ ಇದನ್ನು ಬರೆಯುತ್ತಿದ್ದೇನೆ. ನಾನು ಓದಿದ್ದು ನಮ್ಮೂರ ಕನ್ನಡ ಶಾಲೆಯಲ್ಲಿ. ನೀವು ಕನ್ನಡವನ್ನು ತಡವರಿಸಿ ಓದುತ್ತೀರಿ. ಅವಸರ ಬೇಡ, ನಿಧಾನವಾಗಿ ಓದಿ.

ನಿಮ್ಮ ತಾತ ಹೋದ ಮೇಲೆ ನಾನು ಹೊಸೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಆಯಾ ಕೆಲಸಕ್ಕೆ ಸೇರಿದೆ. ಮೊದಲು ವಾರ್ಡಿನಲ್ಲಿದ್ದೆ. ಆಮೇಲೆ ಸ್ಕೋಪ್ ರೂಮಿಗೆ ಹಾಕಿದರು. ಅಲ್ಲಿ ಬಾಯಿಂದ ಹೊಟ್ಟೆಗೆ, ಇಲ್ಲವೇ ಹಿಂದಿನಿಂದ ದೊಡ್ಡ ಕರುಳಿಗೆ, ಕಪ್ಪು ಟ್ಯೂಬು ಬಿಟ್ಟು ನೋಡುತ್ತಾರೆ. ಟ್ಯೂಬಿನ ತುದಿಯಲ್ಲಿ ದೀಪ, ಕ್ಯಾಮೆರಾ. ಒಳಗಿನದೆಲ್ಲ ಟಿವಿಯಲ್ಲಿ ಕಾಣುತ್ತದೆ. ಡಾಕ್ಟರ ಕೆಲಸ ಟ್ಯೂಬು ನಡೆಸುವುದು, ಸಿಸ್ಟರ್ ಕೆಲಸ ಔಷಧಿ ಮತ್ತು ಮೆಷಿನ್ನು. ನನ್ನ ಕೆಲಸ ರೋಗಿಯ ದೇಹ.

ಅದು ಸುಲಭದ ಕೆಲಸ ಅಂತ ನೀವು ಅಂದುಕೊಳ್ಳಬಹುದು. ಮೊದಲು ನಾನೂ ಹಾಗೇ ಅಂದುಕೊಂಡಿದ್ದೆ. ಲಂಗಕ್ಕೆ ಲಾಡಿ ಪೋಣಿಸುವುದನ್ನು ನೀವು ನೋಡಿದ್ದೀರಿ. ಪಿನ್ನು ಚುಚ್ಚಿ ಬರೀ ತಳ್ಳುತ್ತಾ ಹೋದರೆ ಲಾಡಿ ಒಳಗೇ ಮಡಿಚಿ ಗಂಟಾಗುತ್ತದೆ. ಬಟ್ಟೆಯನ್ನು ಹಿಂದಕ್ಕೆ ಸುಕ್ಕು ಸುಕ್ಕಾಗಿ ಎಳೆದುಕೊಂಡು ಪಿನ್ನಿನ ಮೇಲೆ ಏರಿಸಬೇಕು. ಕರುಳೂ ಹಾಗೇ. ಅದು ಹೊಟ್ಟೆಯೊಳಗೆ ಸಡಿಲವಾಗಿ ಬಿದ್ದಿರುತ್ತದೆ, ತಿರುವು ತಿರುವಾಗಿರುತ್ತದೆ. ಬರೀ ತಳ್ಳಿದರೆ ಟ್ಯೂಬು ಒಳಗೆ ಸುತ್ತು ಹಾಕಿಕೊಳ್ಳುತ್ತದೆ, ಮುಂದೆ ಹೋಗುವುದಿಲ್ಲ, ರೋಗಿ ಅಯ್ಯಯ್ಯೋ ಅನ್ನುತ್ತಾನೆ. ಆಗ ಹೊರಗಿನಿಂದ ಯಾರಾದರೂ ಹೊಟ್ಟೆಯನ್ನು ಅಂಗೈಯಲ್ಲಿ ಒತ್ತಿ ಹಿಡಿಯಬೇಕು, ಇಲ್ಲವೇ ರೋಗಿಯನ್ನು ಮಗ್ಗುಲು ಬದಲಾಯಿಸಬೇಕು. ಶುರುವಿನಲ್ಲಿ ಎಡ ಮಗ್ಗುಲು, ಎರಡೂ ಮಂಡಿ ಎದೆಯ ಕಡೆಗೆ. ಕೆಲವು ತಿರುವಿಗೆ ಅಂಗಾತ. ಕೆಲವಕ್ಕೆ ಬಲ ಮಗ್ಗುಲು. ಯಾವಾಗ ಯಾವುದು ಅನ್ನುವುದು ಡಾಕ್ಟರ ಲೆಕ್ಕ. ತಿರುಗಿಸುವ ಕೈ ನನ್ನದು.

ಮಲಗಿದವರೂ ಸುಮ್ಮನೆ ಮಲಗುವವರಲ್ಲ. ಎಡಕ್ಕೆ ತಿರುಗಿ ಅಂದರೆ ಬಲಕ್ಕೆ ತಿರುಗುತ್ತಾರೆ. ಮಂಡಿ ಮಡಿಚಿ ಅಂದರೆ ತಲೆ ಎತ್ತುತ್ತಾರೆ. ಹೆಂಗಸರು ಸೀರೆ ಬಿಚ್ಚುವುದಿಲ್ಲ ಅಂತ ಬಾಗಿಲಲ್ಲೇ ಕೂರುತ್ತಾರೆ. ಫ್ಯಾಕ್ಟರಿಯ ಸೂಪರ್‌ವೈಸರ್ ಒಬ್ಬರು ಟ್ಯೂಬು ಒಳಗಿರುವಾಗಲೇ ಫೋನ್ ಬಂತು ಅಂತ ಎದ್ದು ಕೂರಲು ಹೋದರು. ಸಂಜೆ ಹೊಸೂರಿನ ಆಲಸನತ್ತದ ನಮ್ಮ ಮನೆಗೆ ಬಂದು ನಾನು ಮಾತಾಡದೆ ಗೋಡೆಗೆ ಒರಗಿ ಕೂರುತ್ತಿದ್ದೆನಲ್ಲ, ನೀವು ‘ಅಜ್ಜಿಗೆ ಸಿಟ್ಟು’ ಅನ್ನುತ್ತಿದ್ದಿರಲ್ಲ, ಅದು ನಿಮ್ಮ ಮೇಲಿನ ಸಿಟ್ಟಲ್ಲ.

ಈಗ ನಮ್ಮ ಮನೆಯ ಪದ್ಧತಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ನಿಮಗೆ ಅರ್ಥವಾಗುವುದಿಲ್ಲ. ದೊಡ್ಡ ತಾತ ನನಗೆ ಭಾವ, ಅಂದರೆ ಗಂಡನ ಅಣ್ಣ. ನಮ್ಮಲ್ಲಿ ಭಾವ ಅಂದರೆ ಮಾವನ ಸಮ. ತಮ್ಮನ ಹೆಂಡತಿ ಅವರ ಎದುರಿಗೆ ನಿಲ್ಲಬಾರದು, ನೇರವಾಗಿ ಮಾತಾಡಬಾರದು, ಕೈ ತಾಗಿಸಬಾರದು. ಅವರ ಚಪ್ಪಲಿ ಸದ್ದು ಕೇಳಿದರೆ ನಾನು ಒಳಗೆ. ಏನಾದರೂ ಹೇಳಲೇಬೇಕಾದರೆ ಮಧ್ಯೆ ಇನ್ನೊಬ್ಬರು ಬೇಕು. ‘ಅಕ್ಕ, ಭಾವಂಗೆ ಹೇಳಿ, ಹಾಲಿನೋನು ಬಂದಿದ್ದ’ ಅಂತ ನಾನು ಬಾಗಿಲ ಹಿಂದಿನಿಂದ ಅಂದರೆ, ಅಕ್ಕ ಅಂದರೆ ಅವರ ಹೆಂಡತಿ, ಅದನ್ನೇ ಅವರಿಗೆ ಹೇಳಬೇಕು. ಅವರಿಗೆ ಕೇಳಿಸಿಯೇ ಇರುತ್ತಿತ್ತು. ಆದರೂ ಹೇಳಬೇಕು. ಯಾರೂ ಇಲ್ಲದ ಹೊತ್ತಿನಲ್ಲಿ ಭಾವ ಕೊಟ್ಟಿಗೆಯ ಹಸುವಿಗೆ ಹೇಳುತ್ತಿದ್ದರು. “ಏನಮ್ಮ ಗೌರಿ, ತೋಟಕ್ಕೆ ಊಟ ಕಳಿಸ್ಬೇಕು, ಇಬ್ರು ಆಳು ಜಾಸ್ತಿ ಅವ್ರೆ.” ನಾನು ಅಡುಗೆಮನೆಯಲ್ಲಿ ಕೇಳಿಸಿಕೊಂಡು ಇಬ್ಬರಿಗೆ ಹೆಚ್ಚು ಮುದ್ದೆ ಕಟ್ಟುತ್ತಿದ್ದೆ. ಹಸು ಸುಮ್ಮನೆ ಮೆಲುಕು ಹಾಕುತ್ತಿತ್ತು. ಇಷ್ಟು ವರ್ಷದಲ್ಲಿ ಅವರು ನನ್ನ ಮುಖವನ್ನು ಸರಿಯಾಗಿ ನೋಡಿರಲಿಲ್ಲ. ದನಿ ಮಾತ್ರ ಚೆನ್ನಾಗಿ ಗೊತ್ತಿತ್ತು.

ನಾನು ಆಸ್ಪತ್ರೆಗೆ ಸೇರಿದಾಗಲೂ ಅವರ ಮಾತು ಅಕ್ಕನ ಬಾಯಲ್ಲೇ ಬಂತು. “ಕಂಡೋರ ಹೊಲಸು ಬಾಚೋ ಕೆಲ್ಸ ನಮ್ಮನೆ ಹೆಂಗಸ್ರಿಗೆ ಯಾಕೆ ಅಂತಾವ್ರೆ ಕಣೆ.” ನಾನು ಮಾರನೆಯ ದಿನವೂ ಕೆಲಸಕ್ಕೆ ಹೋದೆ.

ಆಮೇಲೆ ಅವರು ಬಿಳಚಿಕೊಂಡರು. ಕೋಸಿನ ತೋಟದ ಬದು ಹತ್ತಿದರೆ ಏದುಸಿರು. ಮಲದಲ್ಲಿ ಕಪ್ಪು ಕಪ್ಪು ರಕ್ತ. ಅದು ಮೂಲವ್ಯಾಧಿ ಅಂತ ತಾವೇ ತೀರ್ಮಾನ ಮಾಡಿಕೊಂಡು, ಬಾಗಲೂರು ಕಡೆಯ ನಾಟಿ ವೈದ್ಯನ ಪುಡಿ ತಿಂದುಕೊಂಡು ಬಹಳ ದಿನ ಕಳೆದರು. ಒಂದು ದಿನ ತಲೆ ಸುತ್ತಿ ತೋಟದಲ್ಲೇ ಕೂತುಬಿಟ್ಟರು. ರಕ್ತ ಪರೀಕ್ಷೆ ಮಾಡಿಸಿದರೆ ಮೈಯಲ್ಲಿ ರಕ್ತವೇ ಇಲ್ಲ ಅನ್ನುವ ಹಾಗಿತ್ತು. ರಕ್ತ ಎಲ್ಲಿಂದ ಸೋರುತ್ತಿದೆ ನೋಡಬೇಕು, ಕರುಳಿನ ಸ್ಕೋಪ್ ಮಾಡಿಸಿ ಅಂದರು. ಹೊಸೂರಿನಲ್ಲಿ ಎಷ್ಟೊಂದು ಆಸ್ಪತ್ರೆಗಳಿವೆ. ಅವರು ಬಂದದ್ದು ನಮ್ಮ ಆಸ್ಪತ್ರೆಗೇ.

ಮೊದಲ ಸಲ ನನಗೇನೂ ತೊಂದರೆಯಾಗಲಿಲ್ಲ. ಗಂಡಸರಿಗೆ ನಮ್ಮಲ್ಲಿ ಒಬ್ಬ ಗಂಡಸು ಅಟೆಂಡರ್ ಇದ್ದ. ಭಾವನವರನ್ನು ಅವನಿಗೆ ಒಪ್ಪಿಸಿ ನಾನು ಪಕ್ಕದ ತೊಳೆಯುವ ಕೋಣೆಯಲ್ಲಿ ಅಡಗಿ ನಿಂತೆ. ಸ್ವಲ್ಪ ಹೊತ್ತಿಗೇ ಡಾಕ್ಟರ ದನಿ ಏರಿತು. “ಏನ್ರೀ ಇದು? ಏನ್ ಕುಡಿಸಿ ಕಳ್ಸಿದಾರೆ ಇವ್ರಿಗೆ?” ಇಣುಕಿ ನೋಡಿದೆ. ಟಿವಿಯ ತುಂಬ ಕಂದು ಕೆಸರು. ಸ್ಕೋಪಿಗೆ ಬರುವ ಮುಂಚೆ ಕರುಳು ಖಾಲಿಯಾಗಬೇಕು. ಹಿಂದಿನ ದಿನದಿಂದ ಊಟವಿಲ್ಲ, ಎಳನೀರಿನಂಥ ತಿಳಿಯಾದದ್ದು ಮಾತ್ರ. ಅದರ ಮೇಲೆ, ಭೇದಿಯ ಪುಡಿ ಕಲಸಿದ ನೀರನ್ನು ಸಂಜೆ ಒಂದು ಪಾಲು, ಬೆಳಿಗ್ಗೆ ಒಂದು ಪಾಲು ಕುಡಿದು, ಹೊರಗೆ ಹೋಗುವುದು ಬರೀ ಹಳದಿ ನೀರಾಗುವ ತನಕ ಹೋಗಬೇಕು. ಡಾಕ್ಟರು ಟ್ಯೂಬು ಎಳೆದು, ಇನ್ನೊಂದು ದಿನ ಬನ್ನಿ ಅಂದರು.

ನಾನು ಹೊರಗೆ ಬೆಂಚಿನಲ್ಲಿ ಕೂತಿದ್ದ ಅಕ್ಕನ ಹತ್ತಿರ ಹೋದೆ.

“ಅಕ್ಕ, ಏನ್ ಕೊಟ್ರಿ ಅವ್ರಿಗೆ?”

“ನಮ್ಮವ್ವನಾಣೆಗೂ ಏನೂ ಕೊಟ್ಟಿಲ್ಲ ಕಣೆ. ಊಟ ಅನ್ನೋದ್ನ ಕಣ್ಣಿಗೆ ತೋರಿಸ್ಲಿಲ್ಲ.”

“ಕುಡಿಯಕ್ಕೆ?”

“ಕುಡಿಯಕ್ಕೆ ರಾಗಿ ಗಂಜಿ. ಬರೀ ಆ ಉಪ್ಪು ನೀರ್ ಕುಡ್ಕಂಡು ಮನುಷ್ಯ ಎಷ್ಟೊತ್ತು ಇರ್ತಾನೆ?”

“ಗಂಜಿ ಕುಡೀಬಾರ್ದು ಅಕ್ಕ.”

“ಊಟ ಮಾಡ್ಬ್ಯಾಡಿ ಅಂದ್ರು. ಗಂಜಿ ಊಟಾನಾ? ಕಾಯಿಲೆ ಬಿದ್ದೋರಿಗೆ ಗಂಜಿ ಕೊಡ್ದೆ ಇನ್ನೇನ್ ಕೊಡ್ತಾರೆ? ಅದೂ ಬಟ್ಟೇಲಿ ಸೋಸಿ ಕೊಟ್ಟಿವ್ನಿ, ನಿನ್ನಾಣೆ!”

ಸೋಸಿ ಕೊಟ್ಟಿದ್ದಾರಂತೆ. ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಆದರೆ ಅಕ್ಕನನ್ನು ಅಂದು ಏನು ಮಾಡುವುದು? ನಮ್ಮ ಕಡೆ ಗಂಜಿಯನ್ನು ಯಾರೂ ಊಟದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ನೀರು ಮತ್ತು ಔಷಧಿಯ ನಡುವಿನ ಯಾವುದೋ ಒಂದು. ಅಷ್ಟರಲ್ಲಿ ಭಾವ ಪಂಚೆ ಕಟ್ಟಿಕೊಂಡು ಹೊರಗೆ ಬಂದರು. ನಾನು ಕಂಬದ ಮರೆಗೆ ಸರಿದೆ. ಅವರು ಕಂಬದ ಪಕ್ಕದ ಕುಂಡದಲ್ಲಿದ್ದ ಗಿಡವನ್ನು ನೋಡಿಕೊಂಡು ಹೇಳಿದರು: “ಇನ್ನೊಂದ್ ಸಲ ಆ ನೀರು ಕುಡಿಯಾಕಿಲ್ಲ. ಯಾರಿಗ್ ಹೇಳ್ಬೇಕೋ ಹೇಳು.”

ಹೇಳಬೇಕಾದವಳು ನಾನೇ. ಅಕ್ಕ ನನ್ನ ಕಡೆ ತಿರುಗಿ, “ಕುಡಿಯಾಕಿಲ್ವಂತೆ” ಅಂದಳು.

ಒಪ್ಪಿಸುವುದಕ್ಕೆ ಸಾಕುಸಾಕಾಯಿತು. ನಿಮ್ಮ ಅಪ್ಪ ಹೋಗಿ ಹೇಳಿದ, ಅಕ್ಕ ಅತ್ತಳು. ಕೊನೆಗೆ, “ಇದೇ ಕಡೇ ಸಲ. ಈ ಸಲಾನೂ ಆಗ್ಲಿಲ್ಲ ಅಂದ್ರೆ ಸಾಯೋಗಂಟ ಆಸ್ಪತ್ರೆ ಮೆಟ್ಲು ಹತ್ತಾಕಿಲ್ಲ” ಅಂತ ಒಪ್ಪಿದರು. ಅವರು ಒಮ್ಮೆ ಅಂದದ್ದನ್ನು ಬದಲಿಸುವವರಲ್ಲ. ಮನೆ ಪಾಲಾದ ಜಗಳದಲ್ಲಿ ‘ಆ ಬಾವಿ ನೀರು ಮುಟ್ಟಲ್ಲ’ ಅಂದವರು ಇವತ್ತಿಗೂ ಮುಟ್ಟಿಲ್ಲ.

ಈ ಸಲ ನಾನೇ ರಜೆ ಹಾಕಿ ಊರಿಗೆ ಹೋದೆ. ಅಡುಗೆಮನೆಯಲ್ಲಿ ಕೂತು ಪುಡಿ ಕಲಸಿ, ಲೋಟ ಲೋಟವಾಗಿ ಅಕ್ಕನ ಕೈಯಲ್ಲಿ ಜಗುಲಿಗೆ ಕಳಿಸಿದೆ. ರಾಗಿ ಹಿಟ್ಟಿನ ಡಬ್ಬವನ್ನು ನನ್ನ ಹಿಂದೆ ಇಟ್ಟುಕೊಂಡೆ. ಅಕ್ಕನಿಗೆ ಕೋಪ ಬಂತು. “ನನ್ನೇನ್ ಕಳ್ಳಿ ಅಂದ್ಕಂಡ್ಯಾ?” ಅಂದಳು. ಹೊರಗಿನಿಂದ ಭಾವ ಉಗಿಯುವ ಸದ್ದು, ಬೈಯುವ ಸದ್ದು, ಮತ್ತೆ ಚೊಂಬು ತೆಗೆದುಕೊಂಡು ಓಡುವ ಸದ್ದು. ಬೆಳಿಗ್ಗೆಯ ಹೊತ್ತಿಗೆ ನೀರು ಹಳದಿಯಾಗಿದೆ ಅಂತ ಅಕ್ಕ ಬಂದು ಹೇಳಿದಾಗ, ನಾನು ಟೆಂಪೋ ಹತ್ತದೆ ಮೊದಲ ಬಸ್ಸು ಹಿಡಿದು ಕೆಲಸಕ್ಕೆ ಹೋದೆ. ಅವರಿಬ್ಬರೂ ಟೆಂಪೋದಲ್ಲಿ ಹಿಂದೆ ಬಂದರು.

ಹೋಗಿ ನೋಡಿದರೆ ಅಟೆಂಡರ್ ಇಲ್ಲ. ಅವನು ಮಾಲೆ ಹಾಕಿ ಇರುಮುಡಿ ಹೊತ್ತು ಶಬರಿಮಲೆಗೆ ಹೋಗಿದ್ದ. ಡಾಕ್ಟರೂ ಇಲ್ಲ. ಅವರು ಬೆಂಗಳೂರು ಕಡೆಯಿಂದ ಬರುವವರು, ಜೂಜುವಾಡಿಯಲ್ಲಿ ಒಂದು ಲಾರಿ ಅಡ್ಡ ನಿಂತು ರಸ್ತೆಯೇ ಕಟ್ಟಿಹೋಗಿತ್ತು. ಹಸಿದ ಭಾವ ಹೊರಗೆ ಬೆಂಚಿನ ಮೇಲೆ ಕೂತು ಸರ್ಕಾರವನ್ನು, ಲಾರಿಗಳನ್ನು, ಡಾಕ್ಟರನ್ನು, ಆ ಪುಡಿ ಕಂಡುಹಿಡಿದವನನ್ನು ಒಬ್ಬೊಬ್ಬರನ್ನಾಗಿ ಬೈಯುತ್ತಿದ್ದರು. ನಾನು ಒಳಗೆ ಸಿಸ್ಟರ್ ಕೈ ಹಿಡಿದುಕೊಂಡೆ. ಅವಳು ಧರ್ಮಪುರಿ ಕಡೆಯವಳು, ತಮಿಳು ಬಿಟ್ಟರೆ ಹರಕು ಮುರುಕು ಕನ್ನಡ.

“ಯಾರುಮ್ಮಾ ಅವರು? ಉಂಗ ಸೊಂದಕ್ಕಾರರಾ?”

“ಹೂಂ, ನಮ್ಮೋರೇ. ನನ್ ಗಂಡನ ಅಣ್ಣ. ನಾನು ಮುಟ್ಟಂಗಿಲ್ಲ ಸಿಸ್ಟರ್. ನೀನು ಮುಂದೆ ನಿಂತ್ಕೋ, ನಾನು ಹಿಂದೆ ಡಾಕ್ಟರ್ ಹತ್ರ ಇರ್ತೀನಿ.”

“ನಾ ಮುಂದೆ ನಿಂತ್ರೆ ಯಾರಮ್ಮಾ ಮೆಷಿನ್ ನೋಡೋದು?” ಅಂದಳು. ಅದೂ ನಿಜವೇ. ಆದರೂ ಪಾಪ, ಒಪ್ಪಿದಳು.

ಮಂಚದ ಲೆಕ್ಕ ನಿಮಗೆ ತಿಳಿಯಬೇಕು. ರೋಗಿ ಎಡ ಮಗ್ಗುಲಾಗಿ ಮಲಗಿದರೆ ಡಾಕ್ಟರು ಅವರ ಬೆನ್ನಿನ ಹಿಂದೆ ನಿಲ್ಲುತ್ತಾರೆ. ಟಿವಿ ಎದುರುಗಡೆ. ಹೊಟ್ಟೆ ಒತ್ತುವವರು, ಹಿಡಿದುಕೊಳ್ಳುವವರು ನಿಲ್ಲುವುದು ಟಿವಿಯ ಪಕ್ಕ, ರೋಗಿಯ ಮುಖಕ್ಕೆ ಮುಖ ಕೊಟ್ಟು, ಒಂದು ಮೊಳದ ದೂರದಲ್ಲಿ. ಇಡೀ ಭೂಮಿಯಲ್ಲಿ ನಾನು ಭಾವನವರ ಎದುರು ನಿಲ್ಲಬಾರದ ಜಾಗ ಯಾವುದಾದರೂ ಇದ್ದರೆ ಅದು ಅದೇ.

ಡಾಕ್ಟರು ಬಂದರು. ಭಾವ ಬೀಡಿ ಸೇದಿ ಶ್ವಾಸ ಕೆಡಿಸಿಕೊಂಡಿದ್ದರಿಂದ ಮಂಪರಿನ ಔಷಧಿಯನ್ನು ಸ್ವಲ್ಪವೇ ಕೊಟ್ಟರು. ಭಾವ ಎಚ್ಚರವಾಗಿಯೇ ಇದ್ದರು. ನಾನು ಮಾಸ್ಕು, ಟೋಪಿ ಹಾಕಿಕೊಂಡು ಡಾಕ್ಟರ ಹಿಂದೆ ನಿಂತು ಜೆಲ್ಲಿ, ಬಟ್ಟೆ ಕೊಡುತ್ತಿದ್ದೆ. ಒಂದು ಮಾತೂ ಆಡಲಿಲ್ಲ. ಕೆಮ್ಮು ಬಂದರೂ ನುಂಗಿದೆ. ಕರುಳು ಈ ಸಲ ಚೊಕ್ಕಟವಾಗಿತ್ತು, ಗುಲಾಬಿ ಬಣ್ಣಕ್ಕೆ ಹೊಳೆಯುತ್ತಿತ್ತು. ನೋಡಿ ನನಗೆ ಸಂತೋಷವಾಯಿತು, ಅದು ನಾನು ಕಲಸಿದ ನೀರಿನ ಕೆಲಸ.

ಮೊದಲ ತಿರುವಿನಲ್ಲೇ ಟ್ಯೂಬು ಸುತ್ತು ಹಾಕಿಕೊಂಡಿತು. ಭಾವ ನರಳಿದರು. ಡಾಕ್ಟರು ಎಳೆದು ನೇರ ಮಾಡಿಕೊಂಡು ಮತ್ತೆ ಬಿಟ್ಟರು, ಮತ್ತೆ ಸುತ್ತು. “ಹೊಟ್ಟೆ ಒತ್ತಬೇಕು” ಅಂದರು. ಸಿಸ್ಟರ್ ಒತ್ತಿದಳು. ಅಷ್ಟರಲ್ಲಿ ನೀರು ಎಳೆಯುವ ಮೆಷಿನ್ನು ಕೂಗಿಕೊಂಡಿತು, ಅವಳು ಕೈ ಬಿಟ್ಟು ಅತ್ತ ಓಡಿದಳು. ಡಾಕ್ಟರು ಟಿವಿಯಿಂದ ಕಣ್ಣು ತೆಗೆಯದೆ, “ಆಯಮ್ಮಾ, ಮುಂದಕ್ಕೆ ಬನ್ನಿ, ಹೊಕ್ಕುಳ ಕೆಳಗೆ ಎಡಕ್ಕೆ ಒತ್ತಿ ಹಿಡೀರಿ” ಅಂದರು.

ಅಭ್ಯಾಸ ಬಲ. ನನ್ನ ಬಾಯಿಂದ “ಸರಿ ಸಾರ್” ಅಂತ ಬಂದುಬಿಟ್ಟಿತು.

ಅಷ್ಟೇ ಸಾಕಾಯಿತು. ನಾನು ಮಂಚ ಸುತ್ತಿ ಮುಂದೆ ಬರುವಷ್ಟರಲ್ಲಿ ಭಾವನವರ ಮೈ ಮರದ ಕೊರಡಿನ ಹಾಗೆ ಬಿಗಿದುಕೊಂಡಿತ್ತು. ಕಣ್ಣು ಬಿಟ್ಟು ನನ್ನ ಮಾಸ್ಕು ನೋಡಿದರು. ಮರುಕ್ಷಣ ಗೌನು ಎಳೆದುಕೊಂಡು, ಟ್ಯೂಬು ಒಳಗಿರುವಾಗಲೇ, ದೊಪ್ಪನೆ ಅಂಗಾತ ಹೊರಳಿದರು. ಟ್ಯೂಬು ಅರ್ಧ ಹೊರಗೆ ಬಂತು.

“ಅಲ್ಲಾಡ್ಬೇಡಿ ಯಜಮಾನ್ರೇ!” ಡಾಕ್ಟರು ಕೂಗಿದರು.

ಭಾವ ಮೇಲಿನ ಫ್ಯಾನಿಗೆ ಹೇಳಿದರು: “ಆಯಮ್ಮನ್ನ ಆಚೆ ಕಳಿಸ್ರಿ.”

“ಯಾಕೆ?”

“ನಮ್ಮನೆ ಹೆಣ್ಮಗಳು. ಆಚೆ ಕಳಿಸ್ರಿ.”

ಡಾಕ್ಟರಿಗೆ ಅರ್ಥವಾಗಲಿಲ್ಲ. ಸಿಸ್ಟರ್ ಅವಸರದಲ್ಲಿ ತಮಿಳಿಗೆ ಇಳಿದಳು. “ಅಯ್ಯಾ, ತಿರುಂಬಿ ಪಡುಂಗ, ಇಡದು ಪಕ್ಕಂ.” ಎಡಕ್ಕೆ ತಿರುಗಿ ಮಲಗಿ ಅಂತ. ಹೊಸೂರು ಸಂತೆಯಲ್ಲಿ ಇಡೀ ಜೀವನ ತಮಿಳಿನಲ್ಲಿ ಕೋಸು ಮಾರಿದ ಮನುಷ್ಯ, “ನಂಗೆ ತಮಿಳು ಬರಾಕಿಲ್ಲ” ಅಂದರು.

ಡಾಕ್ಟರು ನಿಟ್ಟುಸಿರು ಬಿಟ್ಟು, ಆಯಿತು ಅಂಗಾತವೇ ಇರಿ ಅಂದರು. ನಾನು ಗೋಡೆಯ ಕಡೆ ಮುಖ ಮಾಡಿ ನಿಂತೆ, ಓರೆಗಣ್ಣು ಮಾತ್ರ ಟಿವಿಯ ಮೇಲೆ. ಸಿಸ್ಟರ್ ಒಂದು ಕೈಯಲ್ಲಿ ಒತ್ತುತ್ತಾ, ಇನ್ನೊಂದು ಕೈಯಲ್ಲಿ ಮೆಷಿನ್ನು ನೋಡುತ್ತಾ ಎರಡೂ ಕಡೆ ಒದ್ದಾಡಿದಳು. ಹೇಗೋ ಟ್ಯೂಬು ಏರಿತು. ಎಡಗಡೆಯ ತಿರುವು ದಾಟಿತು, ಅಡ್ಡ ಕರುಳು ದಾಟಿತು, ಬಲಗಡೆಯ ಕೊನೆಯ ಚೀಲದ ತನಕ ಬಂತು. ಡಾಕ್ಟರ ಅಂಗಿ ಮೈಗೆ ಅಂಟಿಕೊಂಡಿತ್ತು.

ಆದರೆ ಆ ಕೊನೆಯ ಚೀಲದಲ್ಲಿ ನೀರು ನಿಂತಿತ್ತು. ಹೀರಿದರೆ ಸುತ್ತಲಿಂದ ಮತ್ತೆ ಬಂದು ತುಂಬುತ್ತಿತ್ತು. ಡಾಕ್ಟರು ಹೀರುವುದನ್ನು ಒಂದು ಸಲ ನಿಲ್ಲಿಸಿದರು. ನೀರಿನ ಅಂಚಿನಲ್ಲಿ ಸ್ವಲ್ಪ ಕೆಂಪು ಕಂಡಿತು, ಮುಳುಗಿತು.

“ಅಲ್ಲೇನೋ ಇದೆ” ಅಂದರು. “ಎಡ ಮಗ್ಗುಲು ಮಾಡಿದ್ರೆ ಕಾಣುತ್ತೆ.”

ಅರ್ಧ ನೀರು ತುಂಬಿದ ಬಾಟಲಿಯನ್ನು ಹೊರಳಿಸಿ ನೋಡಿ, ಮಕ್ಕಳೇ. ನೀರು ಕೆಳಗೆ ಓಡುತ್ತದೆ, ಗಾಳಿ ಮೇಲೆ ಬರುತ್ತದೆ. ಎಡ ಮಗ್ಗುಲಾದರೆ ಬಲಗಡೆಯ ಕರುಳು ಮೇಲಾಗುತ್ತದೆ. ನೀರು ಇಳಿದುಹೋಗಿ, ಗಾಳಿ ತುಂಬಿ, ಮಡಿಕೆಗಳು ಬಿಡಿಸಿಕೊಳ್ಳುತ್ತವೆ. ಇದನ್ನು ಡಾಕ್ಟರು ನನಗೆ ಬಾಟಲಿ ಹಿಡಿದೇ ತೋರಿಸಿಕೊಟ್ಟಿದ್ದರು.

ಸಿಸ್ಟರ್ ತಿರುಗಿಸಲು ನೋಡಿದಳು. ಅವಳದು ಕಡ್ಡಿಯಂಥ ಮೈ, ಭಾವನವರದು ಹಾರೆ ಹಿಡಿದ ಮೈ. ಅರ್ಧ ತಿರುಗಿ ನನ್ನ ಬೆನ್ನು ಕಂಡರೂ ಸಾಕು, ವಾಪಸು ಅಂಗಾತ. ನಾನು ಹೊರಗೆ ಹೋಗೋಣವೆಂದರೆ ಹಿಡಿದುಕೊಳ್ಳುವ ಇನ್ನೊಂದು ಕೈ ಇಲ್ಲ. ಟ್ಯೂಬಿನ ಜೊತೆ ಹೊರಳಿಸುವಾಗ ಇಬ್ಬರು ಬೇಕೇ ಬೇಕು. ಬೇರೆ ವಾರ್ಡಿನ ಗಂಡಸನ್ನು ಕರೆಯಲು ಫೋನ್ ಮಾಡಿದರು, ಅವರೆಲ್ಲ ಆಪರೇಷನ್ ಥಿಯೇಟರಿನಲ್ಲಿದ್ದರು. ಭಾವನವರ ಬಿ.ಪಿ. ಏರುತ್ತಿತ್ತು.

“ನಾನು ಹೀಗೇ ಇಟ್ಕೊಂಡು ಕೂರೋಕಾಗಲ್ಲ” ಅಂದರು ಡಾಕ್ಟರು. “ವಾಪಸ್ ತೆಗೀತೀನಿ. ಬೆಂಗಳೂರಿಗೆ ಕಳ್ಸಿ, ಪೂರ್ತಿ ಮಂಪರು ಕೊಟ್ಟು ಮಾಡ್ಲಿ.”

ಬೆಂಗಳೂರಿಗೆ ಯಾರು ಹೋಗುತ್ತಾರೆ? ನನಗೆ ಗೊತ್ತಿತ್ತು, ಟ್ಯೂಬು ಹೊರಗೆ ಬಂದರೆ ಈ ಮನುಷ್ಯ ಪಂಚೆ ಕಟ್ಟಿಕೊಂಡು, ಟೆಂಪೋ ಹತ್ತಿ, ನಾಟಿ ವೈದ್ಯನ ಪುಡಿಯ ಹತ್ತಿರ ಹೋಗುತ್ತಾರೆ. ಆ ಕೆಂಪು ಅಲ್ಲೇ ನೀರಿನಡಿಯಲ್ಲಿ ಉಳಿಯುತ್ತದೆ. ಅಕ್ಕ ಹೊರಗೆ ಬೆಂಚಿನಲ್ಲಿ ಕೂತಿದ್ದಾಳೆ. ನಾನು ಗೋಡೆ ನೋಡಿಕೊಂಡು ನಿಂತಿದ್ದೇನೆ. ಗೋಡೆಯಲ್ಲಿ ಏನಿದೆ? ಸುಣ್ಣವಿದೆ. ನನಗೆ ಎಲ್ಲಿತ್ತೋ ಕೋಪ ಬಂತು. ಭಾವನವರ ಮೇಲೆ, ಶಬರಿಮಲೆಗೆ ಹೋದವನ ಮೇಲೆ, ಸೋಸಿದ ಗಂಜಿಯ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಗೋಡೆ ನೋಡುತ್ತಾ ನಿಂತ ನನ್ನ ಮೇಲೆ. ತಿರುಗಿದೆ. ಮಂಚದ ಹತ್ತಿರ ಹೋಗಿ ನನ್ನ ಜಾಗದಲ್ಲಿ ನಿಂತೆ. ಮಾಸ್ಕು ಕೆಳಗೆ ಎಳೆದೆ.

“ಭಾವ” ಅಂದೆ.

ಮದುವೆಯಾಗಿ ಬಂದ ಮೇಲೆ ಆ ಪದವನ್ನು ಅವರ ಮುಖ ನೋಡಿ ಅಂದದ್ದು ಅದೇ ಮೊದಲು. ನನ್ನ ದನಿ ನನಗೇ ಬೇರೆ ಯಾರದ್ದೋ ಅನ್ನಿಸಿತು.

“ಭಾವ, ಇಲ್ಲಿ ಅಕ್ಕ ಇಲ್ಲ, ಮಕ್ಳಿಲ್ಲ, ಗೌರೀನೂ ಇಲ್ಲ. ನಾನು ಯಾರಿಗ್ ಹೇಳಿ ನಿಮ್ಗೆ ಹೇಳಿಸ್ಲಿ? ಅದಕ್ಕೇ ನಾನೇ ಹೇಳ್ತೀನಿ. ಎಡಕ್ಕೆ ತಿರುಗಿ. ಮಂಡಿ ಎದೆಗೆ ಎಳ್ಕಳಿ. ನನ್ ಮುಖ ನೋಡಕ್ಕಾಗ್ದಿದ್ರೆ ಟಿವಿ ನೋಡಿ. ಅದೂ ಆಗ್ದಿದ್ರೆ ಕಣ್ ಮುಚ್ಕಳಿ. ನಾನಂತೂ ಇಲ್ಲಿಂದ ಕದಲಾಕಿಲ್ಲ. ಒಂದಿನಕ್ಕೆ ಎಷ್ಟೋ ಜನರ ಹೊಟ್ಟೆ ಒತ್ತೋ ಕೈ ಇದು, ನಿಮ್ದೊಂದು ಹೆಚ್ಚಾ?”

ಸಿಸ್ಟರ್ ಬಾಯಿ ತೆರೆದುಕೊಂಡು ನಿಂತಳು. ಡಾಕ್ಟರು ಟಿವಿಯಿಂದ ಕಣ್ಣು ತೆಗೆದು ಮೊದಲ ಸಲ ನನ್ನನ್ನು ನೋಡಿದರು. ಭಾವ ನಿಧಾನವಾಗಿ ಎಡ ಭುಜ ಒಳಗೆ ತಂದರು. ನಾನು ಒಂದು ಕೈಯನ್ನು ಅವರ ಹೆಗಲಿಗೆ, ಇನ್ನೊಂದನ್ನು ಸೊಂಟಕ್ಕೆ ಕೊಟ್ಟು ನನ್ನ ಕಡೆಗೆ ಎಳೆದುಕೊಂಡೆ. ಸಿಸ್ಟರ್ ಕಾಲು ಮಡಿಚಿದಳು. ಡಾಕ್ಟರು ಟ್ಯೂಬನ್ನು ಹಿಡಿದು ಜೊತೆಗೇ ತಿರುಗಿದರು. ಭಾವ ಕಣ್ಣು ಮುಚ್ಚಿಕೊಂಡಿದ್ದರು, ಗಟ್ಟಿಯಾಗಿ, ಮಕ್ಕಳು ಕಹಿ ಔಷಧಿಗೆ ಮುಚ್ಚಿಕೊಳ್ಳುವ ಹಾಗೆ.

ಟಿವಿಯಲ್ಲಿ ನೀರು ಒಂದು ಕಡೆಗೆ ಓಡಿತು. ಚೀಲ ಅರಳಿತು. ಒಂದು ಮಡಿಕೆಯ ಹಿಂದಿನಿಂದ ಅದು ಹೊರಗೆ ಬಂತು. ಹೂಕೋಸಿನ ಚೂರಿನಂಥ ಗಂಟು, ನಡುವೆ ಹುಣ್ಣಾಗಿ ರಕ್ತ ಜಿನುಗುತ್ತಿತ್ತು.

ಡಾಕ್ಟರು ಪುಟ್ಟ ಚಿಮಟ ಬಿಟ್ಟು ಅದರ ಚೂರುಗಳನ್ನು ತೆಗೆದರು, ಸಿಸ್ಟರ್ ಸೀಸೆಗೆ ಹಾಕಿದಳು. ಮೂಲವ್ಯಾಧಿಯಲ್ಲ ಅನ್ನುವುದು ನನಗೂ ಕಾಣುತ್ತಿತ್ತು. ನನ್ನ ಅಂಗೈ ಅವರ ಹೊಟ್ಟೆಯ ಮೇಲಿತ್ತು. ಉಸಿರು ಏರುವುದು ಇಳಿಯುವುದು ಗೊತ್ತಾಗುತ್ತಿತ್ತು. ಒಂದು ಹೊತ್ತಿನಲ್ಲಿ ನೋಡಿದರೆ ಅವರ ಕಣ್ಣು ತೆರೆದಿತ್ತು. ನನ್ನ ಪಕ್ಕದಿಂದ ಟಿವಿ ನೋಡುತ್ತಿದ್ದರು. ಈಗ ನಿಮಗೆ ಅವರು ಹೇಳುವ ‘ಹೂಕೋಸಿನಂಗಿತ್ತು ಕಣ್ರಲಾ’ ಅನ್ನುವ ಮಾತು ಆಗ ನೋಡಿದ್ದು. ಅದನ್ನು ಕಾಣಬೇಕಾದರೆ ನನ್ನ ಭುಜದ ಪಕ್ಕದಿಂದಲೇ ಕಾಣಬೇಕು.

ಎಲ್ಲ ಮುಗಿದು ನಾನು ಹೊರಗೆ ಬಂದೆ. ಅಕ್ಕನಿಗೆ ಡಾಕ್ಟರೇ ಹೇಳಿದರು, ಬೇಗ ಸಿಕ್ಕಿದೆ ಅನ್ನಿಸುತ್ತದೆ, ಆಪರೇಷನ್ ಮಾಡಿ ಆ ಭಾಗ ತೆಗೆಯಬೇಕು ಅಂತ. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ನಾನು ಪಕ್ಕದಲ್ಲಿ ಕೂತೆ. ಸ್ವಲ್ಪ ಸಮಾಧಾನವಾದ ಮೇಲೆ ಅವಳು ನನ್ನ ಕಿವಿಯ ಹತ್ತಿರ ಬಂದಳು.

“ಸಿಸ್ಟರ್ ಹೇಳ್ತು. ನೀನೇ ಮುಟ್ಟಿ ತಿರುಗಿಸ್ದ್ಯಂತೆ?”

“ಹೂಂ ಅಕ್ಕ.”

“ಹೋಗ್ಲಿ ಬಿಡು, ಏನ್ ಮಾಡಕ್ಕಾಯ್ತದೆ. ಊರಲ್ಲಿ ಮಾತ್ರ ಯಾರ್ಗೂ ಹೇಳ್ಬ್ಯಾಡ ಕಣೆ.”

ನನಗೆ ಎದ್ದು ಹೋಗಿ ಬಾತ್‌ರೂಮಿನ ನಲ್ಲಿ ಜೋರಾಗಿ ತಿರುಗಿಸಿ ಕೈ ತೊಳೆದುಕೊಳ್ಳಬೇಕು ಅನ್ನಿಸಿತು. ತೊಳೆದುಕೊಂಡೆ.

ಆಪರೇಷನ್ ಬೆಂಗಳೂರಿನಲ್ಲೇ ಆಯಿತು. ಈಗ ಹೋಗಲೇಬೇಕಾಗಿತ್ತು, ಹೋದರು. ಕರುಳಿನ ಆ ತುಂಡು ತೆಗೆದು ಉಳಿದದ್ದನ್ನು ಸೇರಿಸಿದರು. ಬೇರೆ ಕಡೆಗೆ ಹರಡಿರಲಿಲ್ಲ. ಮುಖಕ್ಕೆ ರಕ್ತ ಬಂತು, ಬೈಗುಳಕ್ಕೆ ಜೋರು ಬಂತು. ನಾನು ನೋಡಲು ಊರಿಗೆ ಹೋದೆ. ಜಗುಲಿಯ ಮೇಲೆ ದಿಂಬು ಒರಗಿ ಕೂತಿದ್ದವರು ನನ್ನನ್ನು ಕಂಡು ಮುಖವನ್ನು ಕೊಟ್ಟಿಗೆಯ ಕಡೆ ತಿರುಗಿಸಿದರು. “ಏನಮ್ಮ ಗೌರಿ, ಹೊಸೂರಿಂದ ಬಂದವ್ರೆ, ಕಾಪಿ ಮಾಡಕ್ಕೇಳು.” ಆ ಹಸು ಹಳೆಯ ಗೌರಿಯ ಮೊಮ್ಮಗಳು. ಹೆಸರೂ ಬದಲಾಗಿಲ್ಲ, ಕೆಲಸವೂ ಬದಲಾಗಿಲ್ಲ. ಬಾಯಿಬಿಟ್ಟು ಒಂದು ಸಲ ಹೇಳಿದ ಮೇಲೂ ಇದೇನಾ ಅಂತ ನನಗೆ ಮೈಯೆಲ್ಲ ಉರಿಯಿತು. ಆದರೂ ಸೆರಗು ಸರಿಮಾಡಿಕೊಂಡು ಒಳಗೆ ಹೋದೆ. ನನ್ನ ಬಾಯೂ ಕಟ್ಟಿಹೋಗಿತ್ತು. ಧೈರ್ಯವೆಂಬುದು ಒಂದು ಸಲ ಬಂದರೆ ಮನೆಯಲ್ಲೇ ಇರುತ್ತದೆ ಅಂದುಕೊಂಡಿದ್ದೆ, ಅದು ಇರುವುದಿಲ್ಲ.

ಮರುವರ್ಷ ತಿರುಗಿ ಸ್ಕೋಪ್ ಮಾಡಿ ನೋಡಬೇಕಿತ್ತು. ಅಕ್ಕ ಹಿಂದಿನ ದಿನ ಗಂಜಿಯ ಸುದ್ದಿಗೇ ಹೋಗಲಿಲ್ಲ. ಈ ಸಲ ಅಟೆಂಡರ್ ಇದ್ದ. ನಾನು ನೆಮ್ಮದಿಯಾಗಿ ತೊಳೆಯುವ ಕೋಣೆಯಲ್ಲಿ ಬಟ್ಟೆ ಮಡಿಚುತ್ತಿದ್ದೆ. ಸಿಸ್ಟರ್ ಬಾಗಿಲಲ್ಲಿ ತಲೆ ಹಾಕಿದಳು, ನಗು ತಡೆದುಕೊಳ್ಳುತ್ತಿದ್ದಳು.

“ಅಮ್ಮಾ, ಬಾಂಗ. ಅಯ್ಯ ಅಟೆಂಡರ್ ಕೈ ಮುಟ್ಟಿಸ್ಕೊಳ್ಳಲ್ಲ. ‘ಅವನ್ಗೆ ಬರಾಕಿಲ್ಲ, ಆಯಮ್ಮನ್ನೇ ಕರೀರಿ’ ಅಂತ ಗಲಾಟೆ.”

ಹೋದೆ. ಯಾರೂ ಹೇಳುವ ಮುಂಚೆಯೇ ಎಡ ಮಗ್ಗುಲಾಗಿ, ಎರಡೂ ಮಂಡಿ ಎದೆಗೆ ಎಳೆದುಕೊಂಡು ಮಲಗಿದ್ದರು, ಪಾಠ ಒಪ್ಪಿಸುವ ಹಾಗೆ. ನಾನು ಟಿವಿಯ ಪಕ್ಕ ನನ್ನ ಜಾಗದಲ್ಲಿ ನಿಂತೆ. ಡಾಕ್ಟರು ಒತ್ತಿ ಅಂದಾಗ ಅಂಗೈ ಇಟ್ಟೆ.

ಭಾವ ಬೆಚ್ಚಿದರು. ಫ್ಯಾನನ್ನು ನೋಡಲಿಲ್ಲ, ಟಿವಿ ನೋಡಲಿಲ್ಲ. ನನ್ನ ಮುಖಕ್ಕೆ ನೇರವಾಗಿ, ರೇಗಿಕೊಂಡು, “ಕೈ ತಣ್ಣಗೈತೆ ಕಣಮ್ಮ. ಉಜ್ಕಂಡು ಇಡು” ಅಂದರು.

ನಾನು ಎರಡೂ ಅಂಗೈ ಉಜ್ಜಿಕೊಂಡೆ. ಮತ್ತೆ ಇಟ್ಟೆ. “ಉಸಿರು ಬಿಡಿ ಭಾವ” ಅಂದೆ.

ಬಿಟ್ಟರು.